ಎಡಗಿವಿ

ಕಪನೂರಿನ ಬ್ಯಾಳಿ ಮಿಲ್ಲಿನಾಗ ನನ್ನ ಕೆಲಸ
ತೊಗರಿ ನೋಡೋದು.
ಒಂದು ಮುಷ್ಟಿ ತಗೊಂಡು ಬಿಳೀ ತಟ್ಟಿಗೆ ಸುರುವಿ
ಇಡೀದು, ಒಡಕು, ಸಿಪ್ಪಿ ಬಿಡದ್ದು, ಹರಳು,
ಬೆರಳಿಲೆ ಬ್ಯಾರೆ ಮಾಡಿ ಚೀಟಿ ಬರಿಯೋದು.
ಒಂಬತ್ತು ವರ್ಷ ಆತು. ಬಾಜೂಕ ಜರಡಿ ಕುಣೀತಿರ್ತದ.

ಐಟಿಐ ಕಲಿಯೂಮುಂದ ಗೆಳತಿ ನುಜಹತ್
ಒಂದು ಮೆಮೊರಿ ಕಾರ್ಡು ಕೊಟ್ಟಿದ್ಲು,
ಅವರಣ್ಣನದು, ಕದ್ದದ್ದು.
ಅವತ್ತಿಂದ ನನಗ ಒದರೋ ಹಾಡೇ ಬೇಕು.

ಓವರ್‌ಟೈಮಿನ ನಾಲ್ಕೂವರೆ ಸಾವಿರ
ಪರ್ಸಿನ ಒಳಖಣದಾಗ ಮಡಚಿಟ್ಟು
ರವಿವಾರ ಸಂಜೀಕ ಸೂಪರ್ ಮಾರ್ಕೆಟ್ಟಿಗೆ ಹೋದೆ.
ಹೊತ್ತು ಮುಳುಗಿದ್ರೂ ಬಿಸಿಲು ಫರಸಿ ಕಲ್ಲಿನಾಗೇ ಕೂತಿತ್ತು.

ವಾಜಿದ್ ಭಾಯಿ ಮೊದಲು ಗುಲಾಬಿ ಬಣ್ಣದ್ದು ತೆಗದ.
"ಲೇಡೀಸ್ ಭಾಳ ಒಯ್ತಾರ್ರಿ, ಭಾವಗೀತಿಗೆ ಚಲೋ."
ಭಾವಗೀತಿ ಬ್ಯಾಡ್ರಿ, ಅಂದೆ.
ಎರಡೂ ಕಾಲಿಲೆ ಡ್ರಮ್ಮು ಒದೀತಾರಲ್ರಿ,
ನಿಮಿಷಕ್ಕ ಇನ್ನೂರು ಸಲ,
ಒಂದೊಂದು ಒದೆತ ಎಣಿಸಾಕ ಬರಬೇಕು.
ಅವ ನನ್ನ ನೋಡಿದ, ನನ್ನ ಟಿಫಿನ್ ಚೀಲ ನೋಡಿದ,
ಗುಲಾಬೀದು ಡಬ್ಬಿಗೆ ಹಾಕಿದ.

ಒಂದು, ಮೂರು ಸಾವಿರದ್ದು.
ಬಾಸ್ ಭಾಳ ಅದ ಅಂತ ಡಬ್ಬಿ ಮ್ಯಾಲೇ ಬರದಾರ.
ಖರೆ, ಭಾಳ ಅದ.
ಕುಕ್ಕರಿನಾಗ ನಾಲ್ಕು ಸೀಟಿ ಹೆಚ್ಚಾದ ಬ್ಯಾಳಿ:
ಡ್ರಮ್ಮು, ಗಿಟಾರು, ಒದರಾವ,
ಎಲ್ಲಾ ಕಲಿಸಿ ಒಂದೇ ಗಂಜಿ.
ಇದಕ್ಕ ನಾನು ಮೂರನೇ ದರ್ಜೆ ಚೀಟಿ ಕೊಡತೀನಿ.

ಇನ್ನೊಂದು, ನಾಲ್ಕು ಸಾವಿರದಾ ಇನ್ನೂರು.
ಕಾಳು ಕಾಳು ಬ್ಯಾರೆ ಇತ್ತು, ಆದರ ತಾಳದ ತಟ್ಟಿ
ಸ್ಟೀಲ್ ಗಂಗಾಳ ಫರಸಿಗೆ ಬಿದ್ದಂಗ.
ಹಾಡು ಮುಗಿಯೂದ್ರಾಗ ಹಲ್ಲು ಜುಮ್ ಅಂದವು.
ಮ್ಯಾಲ ರೆಕ್ಜಿನ್ ದಿಂಬು.
ನಮ್ಮೂರ ಬ್ಯಾಸಗ್ಯಾಗ ಎರಡು ಹಾಡಿಗೆ ಬೆವರಿ
ಎರಡು ವರ್ಷಕ್ಕ ಸುಲಕೊಂಡು
ಕರೀ ಹೊಟ್ಟು ಕುತ್ತಿಗಿಗೆ ಅಂಟೋದು.
ತೊಗರಿ ಹೊಟ್ಟೇ ಸಾಕಾಗೇದ ನನಗ.

ಕಡೀಕ ಸ್ಟೂಲ್ ಹತ್ತಿ
ಮ್ಯಾಲಿನ ಖಾನೆದಿಂದ ಒಂದು ಇಳಿಸಿದ,
ಊದಿದ, ಧೂಳು ನಮ್ಮಿಬ್ಬರ ಮ್ಯಾಲೂ ಬಿತ್ತು.
"ಇದಕ್ಕ ವಾಯರ್ ಅದ್ರಿ. ಈಗ ಯಾರೂ ಕೇಳಂಗಿಲ್ಲ."
ಬಟ್ಟಿ ದಿಂಬು. ಹಗುರ.
ಹಾಡು ಸುರು ಆಗೂ ಮೊದಲು
ಡ್ರಮ್ಮಿನವ ಕೂತ ಸ್ಟೂಲು ಕಿರ್ ಅಂತು.
ನೂರು ಸಲ ಕೇಳೀನಿ ಈ ಹಾಡು.
ಆ ಸ್ಟೂಲು ಎಂದೂ ಇದ್ದಿಲ್ಲ.
ಆಮ್ಯಾಲ ಒದೆತ, ಒಂದೊಂದೂ ಇಡೀ ಕಾಳು,
ನಡುವ ಕೂದಲೆಳಿ ಜಾಗ.
ಗಿಟಾರು ಗ್ವಾಡಿನೇ, ಆದರ
ಕಲ್ಲು ಕಲ್ಲಿನ ಸಂದಿ ಕಾಣ್ತದ.

"ಎಡಕಿಂದು ಮಂಕ ಅದ, ಭಾಯಿ. ಪೀಸ್ ಖರಾಬ್ ಅದ."
ಅವ ತಾನೇ ಹಾಕ್ಕೊಂಡ. ಕಣ್ಣು ಮುಚ್ಚಿದ.
"ಎರಡೂ ಬರೋಬ್ಬರಿ ಅವ."
ಆಮ್ಯಾಲ, ಮೆತ್ತಗ,
"ಒಮ್ಮಿ ತಿರುವಿ ಹಾಕ್ಕೊಳ್ರಿ."

ತಿರುವಿ ಹಾಕ್ಕೊಂಡೆ.
ಎಡಕ್ಕಿದ್ದ ಗಿಟಾರು ಬಲಕ್ಕ ಬಂತು.
ಮಂಕು ಬರಲಿಲ್ಲ.
ಅದು ಎಡಕ್ಕೇ, ಇದ್ದಲ್ಲೇ ಕೂತಿತ್ತು.

ಮೊದಲಿನ ಎರಡೂ ಮತ್ತ ತೆಗಿಸಿ ಕೇಳಿದೆ.
ಗುಲಾಬೀದೂ ಕೇಳಿದೆ.
ಮಿಲ್ಲಿನಾಗ ನಾ ಕೂಡೋ ಟೇಬಲ್ಲು,
ಜರಡಿ ಅದರ ಎಡಕ್ಕ.

ವಾಜಿದ್ ಭಾಯಿ ಏನೂ ಅನಲಿಲ್ಲ. ಚಾ ತರಿಸಿದ.
ವಾಯರಿಂದು ಮೂರು ಸಾವಿರದಾ ಎಂಟುನೂರಕ್ಕ ಮುಗೀತು.
ಬಿಲ್ ಬರಿಯೂಮುಂದ ಗಲ್ಲಾದ ಮೂಲಿಯಿಂದ
ಕಿತ್ತಳಿ ಬಣ್ಣದ ಎರಡು ಸ್ಪಂಜಿನ ಬಿರಟಿ ತೆಗದಿಟ್ಟ.
"ಸಿಮೆಂಟ್ ಫ್ಯಾಕ್ಟ್ರಿಯವರು ಒಯ್ತಾರ್ರಿ.
ಹತ್ತು ರೂಪಾಯಿ."

ಸೋಮವಾರ ಹಿಚುಕಿ ಎರಡೂ ಕಿವ್ಯಾಗ ಇಟ್ಟೆ.
ಮೇಸ್ತ್ರಿ ಹಣಮಯ್ಯ ಏನೋ ಒದರಿದ,
ಬಾಯಿ ಅಷ್ಟೇ ಕಂಡಿತು.
ಜರಡಿ ದೂರ ಸರೀತು, ಆಚಿ ಮಿಲ್ಲಿನದೇನೋ ಅನ್ನೂವಂಗ.
ಆಗ ಗೊತ್ತಾತು, ಅದು ನಾಲ್ಕಕ್ಕ ಕುಣಿಯಂಗಿಲ್ಲ,
ಏಳಕ್ಕ ಕುಣೀತದ,
ಕಡೀ ಒದೆತಕ್ಕ ಚೂರು ಕುಂಟ್ತದ.
ಬೇರಿಂಗ್ ಸವದಿರಬೇಕು.
ತೊಗರಿ ಚೀಟಿ ಹಿಂದ ಬರದು
ಹಣಮಯ್ಯನ ಕೈಯಾಗ ಕೊಟ್ಟೆ.