ದಾರೂಖಾನೆಗೆ ಬಂದ ದ್ವೀಪ

ಭರತದಲ್ಲಿ ಕೆಸರಿಗೆ ಏರಿಸಿ
ಇಳಿತದಲ್ಲಿ ಬಿಟ್ಟುಹೋದರು ಹಡಗನ್ನು.
ಗ್ರೀಸಿನ ಯಾವುದೋ ಗುಡ್ಡಗಾಡು ದ್ವೀಪಕ್ಕೆ
ನಲವತ್ತು ವರ್ಷ ಜನ ಹೊತ್ತು ತಿರುಗಿದ್ದು, ಎಂದಷ್ಟೇ
ಹೀರ್ಜಿ ಸೇಠರ ಕಾಗದದಲ್ಲಿತ್ತು.
ನಾನು ತೂಕದ ಗುಮಾಸ್ತ.
ಕಬ್ಬಿಣ, ಹಿತ್ತಾಳೆ, ಮರ, ಇತರೆ.
ನಾಲ್ಕೇ ಕಾಲಮ್ಮು ನನ್ನ ವಹಿಯಲ್ಲಿ.

ಮೆಟ್ಟಿಲ ತಿರುವಿನಲ್ಲಿ, ಗಾಜಿನ ಹಿಂದೆ, ಒಂದು ನಕಾಶೆ.
ಅಕ್ಷರ ಒಂದೂ ತಿಳಿಯಲಿಲ್ಲ.
ಅಂಕಿ ಮಾತ್ರ ನಮ್ಮ ಲಾರಿ ಚೀಟಿಯದೇ ಅಂಕಿ.
ಬಂಗುಡೆ ತಿಂದು ಬಿಟ್ಟ ಮುಳ್ಳಿನಂಥ ಬೆಟ್ಟದ ಸಾಲು,
ನೆತ್ತಿಯ ಮೇಲೆ ತ್ರಿಕೋನ: 1215.
ಫೋರ್ಟಿನ ರಾತ್ರಿಶಾಲೆಯಲ್ಲಿ,
ಹೋಟೆಲಿನ ಎಂಜಲು ತಟ್ಟೆ ತೊಳೆದು ಬಂದ ಕೈಗೆ ಚಾಕ್ ಕೊಟ್ಟು
ಐತಪ್ಪ ಮೇಷ್ಟ್ರು ಬರೆಸಿದ್ದರು:
ಗೆರೆ ಒತ್ತೊತ್ತಾದರೆ ಕಡಿದು, ಬಿಡಿಯಾದರೆ ಬಯಲು.
ಇಲ್ಲಿ ಬಿಡಿಯೇ ಇಲ್ಲ.
ಕಡಲಿಂದ ನೆಟ್ಟಗೆ ಎದ್ದು
ಕೂರುವುದಕ್ಕೆ ಜಾಗ ಸಿಗದೆ ನಿಂತೇ ಇರುವ ನೆಲ.
ಉಗುರಿನಷ್ಟು ಹಸಿರು, ಮೂರು ಕಡೆ.
ಅದು ಗದ್ದೆಯೋ, ಸ್ಮಶಾನವೋ.

ಕೆಳಗೊಂದು ಪಟ್ಟಿ: ಎಡಕ್ಕೆ ಇಸವಿ, ಬಲಕ್ಕೆ ತಲೆ.
1928ರಲ್ಲಿ ಏಳು ಸಾವಿರದ ಮೇಲೆ ಚಿಲ್ಲರೆ.
1951ರಲ್ಲಿ ಐದು.
1971ರ ಹೊತ್ತಿಗೆ ಸಾವಿರ ಎನ್ನುವ ಮಾತೇ ಇಲ್ಲ.
ಕೊನೆಯ ಸಾಲು ಅಚ್ಚಿನದಲ್ಲ;
ಗಾಜು ಸರಿಸಿ ಯಾರೋ ಪೆನ್ನಲ್ಲಿ ಬರೆದದ್ದು: 388.
ಪಕ್ಕದಲ್ಲೊಂದು ಶಾಯಿಯ ಚುಕ್ಕೆ,
ತನ್ನನ್ನೂ ಸೇರಿಸಿದೆನೇ ಎಂದು ಪೆನ್ನು ತಡೆದ ಹಾಗೆ.
ಕಾಟನ್‌ಗ್ರೀನಿನ ನಮ್ಮ ಚಾಳಿನಲ್ಲಿ
ಅಷ್ಟು ಜನ ಬೆಳಗಿನ ನಲ್ಲಿಗೇ ನಿಲ್ಲುತ್ತೇವೆ.

ಹಣಕಾಸೆಲ್ಲ ವಾಹನ ನಿಲ್ಲಿಸುವ ಅಂಕಣದಲ್ಲಿತ್ತು.
ಕರಿಮೆಣಸಿನಂತೆ ಒಣಗಿದ ಆಡಿನ ಹಿಕ್ಕೆ.
ಹಲಗೆಗೆ ಇಳಿದ ಎಣ್ಣೆಯ ಕಲೆ;
ಗ್ಯಾಸ್ ಕಟರ್ ಜಲೀಲ ಬೆರಳಿಟ್ಟು ಮೂಸಿ
"ಇದು ಇಂಜಿನ್ನಿನದಲ್ಲ, ಅಡುಗೆಯದು" ಎಂದ.
ಬಾಯೊಡೆದ ಬಾಟಲಿಯ ತಳದಲ್ಲಿ, ಗಟ್ಟಿಯಾದ ಜೇನಿನೊಳಗೆ,
ಅದನ್ನು ಮಾಡಿದ ನೊಣವೇ ಇರಬೇಕು.
ಆಮೇಲೆ ಸಿಮೆಂಟು. ಮೂಲೆಮೂಲೆಯಲ್ಲಿ ಸಿಮೆಂಟು.
ಜನ ಇಳಿಯುತ್ತಿದ್ದ ಊರಲ್ಲಿ ಯಾರಿಗೆ ಮನೆ ಕಟ್ಟಿದರು?
ಟಿಕೆಟಿನ ಅರ್ಧಗಳನ್ನು ತಿರುವಿದೆ:
ಎಂಟನೆಯ ತಿಂಗಳಿಗೆ ಒಂಬತ್ತು ಪುಸ್ತಕ ಹರಿದಿವೆ,
ಎರಡನೆಯ ತಿಂಗಳಿಗೆ ಒಂದೇ, ಅದೂ ಅರ್ಧ.
ಗೊತ್ತಾಯಿತು. ಬಿಸಿಲಿಗೆ ಬಂದು ಬೀಗ ತೆಗೆಯುವವರು,
ಗಾಳಿ ತಿರುಗಿದರೆ ಬೀಗ ಹಾಕುವವರು.
ಮಿಕ್ಕವರು ಬೀಗದ ಕೈ ಕಾಯುವ ಕೆಲಸದಲ್ಲಿದ್ದಾರೆ.

ನಾಲ್ಕನೆಯ ದಿನ ಜೀವರಕ್ಷಕ ಅಂಗಿಗಳು ಹೊರಬಂದವು.
ಎಣಿಸಿದೆ. ನಾನೂರ ಹನ್ನೆರಡು.
ನನ್ನ ಪೆನ್ನೂ ತಡೆಯಿತು.
ಇಡೀ ದ್ವೀಪ ಒಂದೇ ಸಲ ಹತ್ತಿದ್ದರೂ
ಇಪ್ಪತ್ತನಾಲ್ಕು ಉಳಿಯುತ್ತಿತ್ತು, ಆಡುಗಳಿಗೆ ತೊಡಿಸಲು.
ಹಾಗೆ ಯಾರೂ ಹತ್ತಲಿಲ್ಲ.
ಒಬ್ಬೊಬ್ಬರಾಗಿ ಹತ್ತಿದರು, ಅಂಗಿ ತೊಡದೆ,
ಮುಳುಗುವ ಭಯವಿಲ್ಲದೆ.

ಬೆಟ್ಟದ ತೂಕ ಚೌಕಟ್ಟು ಸೇರಿ ಮೂರು ಕಿಲೋ ಇನ್ನೂರು.
'ಇತರೆ'ಯಲ್ಲಿ ಬರೆದುಕೊಂಡೆ.
ಗಾಜನ್ನು ಚೋರ್‌ಬಜಾರಿನವನು ಒಯ್ದ,
ಕಾಗದ ಎಲ್ಲಿ ಹೋಯಿತೋ ನೋಡಲಿಲ್ಲ.
ಜಲೀಲ ಹೊಗೆಕೊಳವೆ ಕೊಯ್ಯುತ್ತಿದ್ದ, ಕಿಡಿ ಬೀಳುತ್ತಿತ್ತು.

ಕಾರ್ತಿಕದ ಒಂದು ಭಾನುವಾರ
ಸುಗಂಧಿಯನ್ನು ಘಾರಾಪುರಿಗೆ ಕರೆದೊಯ್ದೆ.
ಇಪ್ಪತ್ತು ವರ್ಷದಿಂದ ಮುಂದೂಡಿದ ಪ್ರವಾಸ.
ಲಾಂಚಿನ ಹುಡುಗ ಅವಳ ಕೊರಳಿಗೆ ಹಾಕಿದ
ಕಿತ್ತಳೆ ಅಂಗಿಯ ಎದೆಯ ಮೇಲೆ ಅದೇ ಅಕ್ಷರ,
ಉಪ್ಪು ತಿಂದು ಮಾಸಿದ್ದು.
"ಏನು ಬರೆದಿದೆ ಇದರಲ್ಲಿ?"
"ಊರ ಹೆಸರು."
"ಯಾವ ಊರು?"
"ಸಾವಿರದ ಇನ್ನೂರ ಹದಿನೈದು ಮೀಟರ್ ಎತ್ತರ" ಎಂದೆ.
"ನಿಮ್ಮ ತಲೆ" ಎಂದಳು, ದಾರ ಬಿಗಿಮಾಡಿಕೊಂಡಳು.

ನೀರಿನಿಂದ ಎರಡು ಗುಡ್ಡ ಮೆಲ್ಲಗೆ ಎದ್ದವು.
ಜೆಟ್ಟಿಯ ತುದಿಯಲ್ಲಿ ಸೌತೆಕಾಯಿ ಬುಟ್ಟಿ ಇಟ್ಟುಕೊಂಡ ಹೆಂಗಸೊಬ್ಬಳು
ಕೈಯನ್ನು ಹಣೆಗಿಟ್ಟು
ಲಾಂಚಿನಲ್ಲಿದ್ದ ನಮ್ಮನ್ನು ಎಣಿಸುತ್ತಿದ್ದಳು.