ಒರತೆ ಇರುವ ಜಾಗ

ನಮ್ಮಪ್ಪ ವರಜ್ದಾತ್ ನಕ್ಷೆ ಬರೆಯುತ್ತಿದ್ದ.
ಸೋವಿಯತ್ ಕಾಲ. ನಕ್ಷೆಗೊಂದು ನಂಬರು, ನಂಬರಿಗೊಂದು ಮೊಹರು,
ಮೊಹರಿಗೊಂದು ಕಬ್ಬಿಣದ ಕಪಾಟು.
ಬೆಳಿಗ್ಗೆ ಸಹಿ ಹಾಕಿ ಹೊರಗೆ, ಸಂಜೆ ಸಹಿ ಹಾಕಿ ಒಳಗೆ.
ಸ್ಯೂನಿಕ್ಕಿನ ಗುಡ್ಡಗಳೆಲ್ಲ ರಾತ್ರಿ ಹೊತ್ತು
ಆ ಕಪಾಟಿನಲ್ಲಿ ಮಡಚಿಕೊಂಡು ಮಲಗುತ್ತಿದ್ದವು.

ಮನೆಗೆ ಬರುತ್ತಿದ್ದುದು ಬೂಟಿನ ಕೆಸರು ಮಾತ್ರ.
ಕೆಂಪಗಿದ್ದರೆ ಅಮ್ಮ ಅನ್ನುವಳು: ಪೂರ್ವದ ಕಣಿವೆ.
ಅಪ್ಪ ಸೂಪು ಕುಡಿಯುವನು.
ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಮೂವತ್ತು ವರ್ಷ.

ನನಗೀಗ ಐವತ್ತೆಂಟು. ಭೂಗೋಳ ಪಾಠ ಹೇಳಿ ನಿವೃತ್ತಳಾದವಳು.
ಒಂದು ಕೈಯಲ್ಲಿ ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಫೋನು,
ಕುರಿಗಳು ಸವೆಸಿದ ಹನ್ನೊಂದು ದಿನದ ದಾರಿ.
ಬಂಡೆಗೊಂದು ಬಿಳಿ ಪಟ್ಟೆ, ನಡುವೆ ಕೆಂಪು.
ಕಂಡದ್ದನ್ನೆಲ್ಲ ಬರೆದು ಬಯಲಿಗೆ ಬಿಡುತ್ತೇನೆ,
ಬೇಕಾದವರು ಒಯ್ಯಲಿ. ಕಾಸಿಲ್ಲ, ಸಹಿಯಿಲ್ಲ.

*ಅಕ್ರೋಟು ಮರದ ಹಿಂದೆ ಎಡಕ್ಕೆ ತಿರುಗಿ.
ಬಲಗಡೆಯ ದಾರಿಯೂ ಚೆನ್ನಾಗಿದೆ, ಪ್ರಪಾತದವರೆಗೆ.*

*ಮಂಬ್ರೆಯ ನಾಯಿಗಳು ನಾಲ್ಕು. ಓಡಬೇಡಿ, ಕೂತುಬಿಡಿ.
ಅವನು ಕೂಗುತ್ತಾನೆ, ಅವು ಹೋಗುತ್ತವೆ,
ಆಮೇಲೆ ಚೀಸ್ ಕೊಡುತ್ತಾನೆ. ಬೇಡ ಅನ್ನಬೇಡಿ.*

*ಪಾಳು ಚರ್ಚಿನಲ್ಲಿ ಮಲಗಬಹುದು. ಛಾವಣಿ ಮುಕ್ಕಾಲು ಇದೆ.*

ಪಕ್ಕದ ಮನೆಯ ಅರ್ಪೆನಿಕ್ ರೇಗಿದಳು:
ಕಂಡಕಂಡವರೆಲ್ಲ ಬಂದು ನನ್ನ ಹಿಪ್ಪುನೇರಳೆ ಮುಕ್ಕುತ್ತಾರೆ.
ಮುಕ್ಕಿದರು, ಸುಳ್ಳಲ್ಲ.
ಈ ವರ್ಷ ಅವಳೇ ಒಂದು ಸಾಲು ಬರೆಸಿದಳು:
*ಕಪ್ಪು ಮರದ್ದು ತಿನ್ನಿ. ಬಿಳಿಯದು ನನ್ನ ವೋಡ್ಕಾಗೆ.*

ಯೆರೆವಾನಿನಿಂದ ಒಬ್ಬ ಬಂದ, ಬೂಟು ಫಳಫಳ.
ಕಂಪನಿಗೆ ಬರೆದುಕೊಡಿ, ಮೈಲಿಗಿಷ್ಟು ಅಂತ ಕೊಡುತ್ತೇವೆ,
ಬೀಗದ ಕೈ ನಮ್ಮ ಹತ್ತಿರ ಇರಲಿ, ಅಂದ.
ಹೊಳೆಯ ನೀರಿಗೆ ಇವನೊಬ್ಬ ಹೊಸ ದೊಣ್ಣೆನಾಯಕ!
ಒಣಗಿದ ಏಪ್ರಿಕಾಟ್ ಕೊಟ್ಟು, ಮೊದಲು ನಡೆದು ನೋಡಿ ಅಂದೆ.
ನಾಯಿಗಳ ತನಕ ಹೋಗಿದ್ದನಂತೆ.

ಆಗಸ್ಟಿನಲ್ಲಿ, ನಾನು ಮುಖ ಕಾಣದ ಡೆನ್ಮಾರ್ಕಿನ ಹುಡುಗಿಯೊಬ್ಬಳು
ನನ್ನ ಸಾಲಿನ ಕೆಳಗೆ ತನ್ನದೊಂದು ಸೇರಿಸಿದ್ದಳು:
*ಏಳನೇ ದಿನದ ತೊಟ್ಟಿ ಒಣಗಿದೆ. ಎರಡು ಲೀಟರ್ ಹೆಚ್ಚು ಹೊರಿ.*
ಅಪ್ಪನಿಗೆ ಓದಿ ಹೇಳಿದೆ. ಎಂಬತ್ತೇಳು ವಯಸ್ಸು, ಕಿವಿ ಇನ್ನೂ ಚುರುಕು.
ಯಾರು ಮಂಜೂರು ಮಾಡಿದ್ದು? ಕೇಳಿದ.
ಬಾಯಾರಿದವಳು, ಅಂದೆ.

ಬಹಳ ಹೊತ್ತು ಕಿಟಕಿ ನೋಡಿದ.
ಆಮೇಲೆ ಹಾಳೆ ಕೇಳಿದ, ಭೂತಗನ್ನಡಿ ಕೇಳಿದ,
ಪೆನ್ಸಿಲನ್ನು ಚಾಕುವಿನಲ್ಲೇ ಚೂಪು ಮಾಡಿದ.
ತೊಟ್ಟಿಯ ಮೇಲುಗಡೆ, ಜುನಿಪರ್ ಪೊದೆಯಲ್ಲಿ ಒಂದು ಒರತೆಯಿದೆ.
ಎಪ್ಪತ್ತೆಂಟರಲ್ಲಿ ಅದನ್ನು ಗುಡ್ಡದ ಆಚೆಗೆ ಸರಿಸಿದೆ, ನಕ್ಷೆಯಲ್ಲಿ.
ಮೇಲಿನವರು ಹೇಳಿದ್ದರು. ಶತ್ರು ಬಂದರೆ ಬಾಯಾರಲಿ ಅಂತ.

ಬಂದನಾ?

ಇಲ್ಲ. ಕಲ್ಲು ಪರೀಕ್ಷೆಗೆ ಇಬ್ಬರು ಹುಡುಗರು ಬಂದರು.
ನಮ್ಮವರೇ. ನನ್ನ ನಕ್ಷೆ ಹಿಡಿದು.

ಅಷ್ಟಕ್ಕೆ ನಿಲ್ಲಿಸಿದ. ನಾನೂ ಕೆದಕಲಿಲ್ಲ.
ನಡುಗುವ ಕೈ, ಹಾಳೆಯ ಮೇಲೆ ಒಂದು ಚುಕ್ಕೆ ಇಟ್ಟಿತು,
ನಡುಗದೆ.

ಎರಡು ದಿನ ನಡೆದೆ. ಪೊದೆ ಕಡಿದೆ, ಕಲ್ಲು ಸರಿಸಿದೆ,
ಮೊಣಕೈ ತನಕ ಕೆಸರು, ಕೆಂಪು.
ಪೆನ್ಸಿಲ್ಲಿನ ಸೀಸದಷ್ಟೇ ತೆಳ್ಳಗೆ, ಆದರೆ ಕಡಿಯದೆ,
ನಲವತ್ತೈದು ವರ್ಷ ಯಾರಿಗೂ ಕಾಯದೆ ಬರುತ್ತಲೇ ಇತ್ತು.
ಅಲ್ಲೇ ಕೂತು ಬರೆದೆ:

*ನೀರಿದೆ. ಸೀಸೆ ತುಂಬಲು ನಾಲ್ಕು ನಿಮಿಷ.
ತೊಟ್ಟಿಯಿಂದ ಮೇಲಕ್ಕೆ ಮುನ್ನೂರು ಹೆಜ್ಜೆ.
ತಿದ್ದಿದವರು: ವರಜ್ದಾತ್.*

ಬದುಕಿಡೀ ಬರೆದ ಯಾವ ನಕ್ಷೆಯ ಮೂಲೆಯಲ್ಲೂ ಅವನ ಹೆಸರಿರಲಿಲ್ಲ.
ಭೂತಗನ್ನಡಿ ಹಿಡಿದು ಓದಿದ, ಮತ್ತೊಮ್ಮೆ ಓದಿದ.
ಮುನ್ನೂರಲ್ಲ, ಅಂದ. ಮುನ್ನೂರ ಹತ್ತು.
ನಿನ್ನ ಹೆಜ್ಜೆ ದೊಡ್ಡದು. ಸರಿಮಾಡು.