ನಲವತ್ತೆಂಟು ನವಿಲು

ಕೌಲ್ ಬಜಾರಿನ ಓಣಿಯೊಳಗೆ, ತಗಡಿನ ಕೆಳಗೆ
ಹನ್ನೆರಡು ತಲೆಯ ಕಸೂತಿ ಯಂತ್ರ.
ಡಿಸೈನು ಬರುವುದು ಸೂರತ್ತಿನಿಂದ,
ನಾವ್ಯಾರೂ ಕಣ್ಣಾರೆ ಕಾಣದ ಒಂದು ಸರ್ವರಿನಿಂದ.

ಆ ರಾತ್ರಿ ಕರೆಂಟು ಕಣ್ಣು ಮಿಟುಕಿಸಿತು, ಅಷ್ಟೇ.
ಹೋಯಿತು ಅನ್ನುವಷ್ಟರಲ್ಲಿ ಬಂದಿತ್ತು.
ಫೋಲ್ಡರಿನಲ್ಲಿ ಫೈಲು ಕೂತಿತ್ತು
ಪೂರ್ತಿ ಹೆಸರು ಹೊತ್ತು,
ಬಾಸಿಂಗ ಕಟ್ಟಿಕೊಂಡ ಮದುಮಗನಂತೆ.
ನಂಬಿದೆ.
ಹೆಸರನ್ನು ನಂಬಿದೆ.

ನಾಲ್ಕು ಸುತ್ತು ಹೊಡೆಯಿತು ಯಂತ್ರ.
ಬಾಬಿನ್ನಿಗೆ ದಾರ ಸುತ್ತುತ್ತ, ತೂಕಡಿಸುತ್ತ
ನಾನು ತಲೆ ಎತ್ತಲೇ ಇಲ್ಲ.
ಬೆಳಗಾದರೆ ನಲವತ್ತೆಂಟು ಜೀನ್ಸ್ ಜೇಬಿನ ಮೇಲೆ
ನಲವತ್ತೆಂಟು ನವಿಲು:
ಕೊಕ್ಕಿದೆ, ಜುಟ್ಟಿದೆ, ನೀಲಿ ಕೊರಳಿದೆ,
ಸೊಂಟದಿಂದಾಚೆ ಬರೀ ಬಟ್ಟೆ.

ಖಾದರ್ ಬಾಷಾ ಒಂದನ್ನೆತ್ತಿ ಬೆಳಕಿಗೆ ಹಿಡಿದರು.
"ಏನವ್ವ ಹುಲಿಗೆಮ್ಮ, ಇದು ನವಿಲೋ ಕೋಳಿಯೋ?
ಸಂಬಳದ ದಿನ ನಾನೂ ಹಿಂಗೇ
ಅರ್ಧ ನೋಟು ಹರಿದು ಕೊಡ್ಲಾ?"

ಹೊಲಿದದ್ದು ಒಂದು ಗಂಟೆ, ಬಿಚ್ಚಿದ್ದು ಮೂರು ದಿನ.
ದಾರ ಬಂತು, ತೂತು ಉಳಿಯಿತು.
ಡೆನಿಮ್ಮು ಏನನ್ನೂ ಮರೆಯುವುದಿಲ್ಲ.

ಈಗ, ಬರುತ್ತಿರುವುದಕ್ಕೆ ನಾನು ಹೆಸರಿಡುವುದಿಲ್ಲ.
ಕೊನೆಯಲ್ಲಿ 'ಅರ್ಧ' ಎಂದು ಅಂಟಿಸಿರುತ್ತೇನೆ,
ತೊಟ್ಟಿಲಿಗೆ ಹಾಕುವ ತನಕ ಕೂಸನ್ನು
ಪುಟ್ಟ, ಚಿನ್ನು, ಏನೋ ಒಂದು ಅನ್ನುತ್ತೇವಲ್ಲ, ಹಾಗೆ.
ಯಂತ್ರಕ್ಕೂ ಕಲಿಸಿದ್ದೇನೆ,
'ಅರ್ಧ' ಅಂದರೆ ಸೂಜಿ ಇಳಿಸಕೂಡದು.

ಸೂರತ್ತಿನ ಹುಡುಗನಿಗೆ ಫೋನಿನಲ್ಲಿ, ನನ್ನ ಹರಕು ಹಿಂದಿಯಲ್ಲಿ:
ಭಯ್ಯಾ, ನೀನು ಇಡುವುದು ಮುಗಿದ ಮೇಲೆ
ಪಕ್ಕದಲ್ಲೊಂದು ಖಾಲಿ ಫೈಲು ಇಡು.
ಒಳಗೆ ಏನೂ ಬೇಡ. ಅದು ಇದೆ ಅನ್ನುವುದೇ ಸುದ್ದಿ.
ಉಂಡವರು ಎಲೆ ಮಡಚಿದರೆ
ಬಡಿಸುವವರಿಗೆ ಮತ್ತೇನು ಹೇಳಬೇಕು?

ಆಮೇಲೆ ತೂಕ. ಅಲ್ಲೆಷ್ಟು, ಇಲ್ಲೆಷ್ಟು.
ನಮ್ಮಪ್ಪ ಹತ್ತಿ ಮಂಡಿಯಲ್ಲಿ ಹಮಾಲ.
ಅಂಡಿಗೆ ಇಟ್ಟು ಕೈ ಬಿಟ್ಟರೂ
ಮುಳ್ಳು ನಡುಗುತ್ತಿರುವಾಗ ಅಂಕಿ ಕೂಗಿದವನಲ್ಲ.
ಸಾಹುಕಾರರು ಗದರುತ್ತಿದ್ದರು, ಲಾರಿ ಹಾರ್ನು ಹೊಡೆಯುತ್ತಿತ್ತು,
ಅವನು ಬೀಡಿ ಹಚ್ಚುತ್ತಿದ್ದ.
ತೂಕ ಸಮ ಇದ್ದೂ ಒಳಗೆ ಕಲ್ಲಿರಬಹುದು ಅಂತ
ಅಂಡಿಗೆಯ ಹೊಟ್ಟೆಗೆ ಕೈ ಹಾಕಿಯೂ ನೋಡುತ್ತಿದ್ದ.
ನಾನೂ ಫೈಲಿನ ಬೆರಳಚ್ಚು ಕೇಳಿ ತರಿಸಿ
ಒಂದೊಂದೇ ಅಕ್ಷರ ಹೊಂದಿಸುತ್ತೇನೆ.

ಕಡಿದುಹೋದರೆ ಅಳುವುದಿಲ್ಲ,
ನಿಂತಲ್ಲಿಂದ ಉಳಿದದ್ದನ್ನಷ್ಟೇ ಕೇಳುತ್ತೇನೆ.
ತಡವಾಗುತ್ತದೆ.
ಖಾದರ್ ಬಾಷಾ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಾರೆ,
ನನ್ನನ್ನು ನೋಡುತ್ತಾರೆ,
ಚಹಾ ಹೇಳಿ ಹೋಗುತ್ತಾರೆ.

ನಲವತ್ತೆಂಟರಲ್ಲಿ ಒಂದನ್ನು ಬಿಚ್ಚಿರಲಿಲ್ಲ.
ಮಗಳು ಅದನ್ನೇ ಹಾಕಿಕೊಂಡು ಟ್ಯೂಷನ್ನಿಗೆ ಹೋಗುತ್ತಾಳೆ.
ಬಾಲ ಎಲ್ಲೇ, ಅಂದರಂತೆ ಗೆಳತಿಯರು.
"ಬರ್ತಾ ಐತೆ,"
ಅಂದಳಂತೆ.